ಕೆವಿ ನೋಡಿ ಮೋಟರ್ ತರಬ್ಯಾಡ್ರಿ

ನಮ್ಮ ಕಡೆ ಬೋರಿಗೆ ಮೋಟರ್ ಇಳಿಸೂ ಮುಂದ ಯಾವ ರೈತನೂ ಅಂಗಡಿಗೆ ಹೋಗಿ "ಎಲ್ಲಾಕ್ಕಿಂತ ಜೋರ್ ತಿರುಗೂ ಮೋಟರ್ ಕೊಡ್ರಿ" ಅನ್ನಂಗಿಲ್ಲ. ಬೋರ್ ಎಷ್ಟು ಫೂಟ್, ನೀರು ಎಷ್ಟು ಇಂಚು, ಎಷ್ಟು ಫೂಟಿಗೆ ಇಳಿಸೂದು, ಪೈಪ್ ಎಷ್ಟರದು, ಇಷ್ಟೂ ಲೆಕ್ಕಾ ಹಾಕಿ ಆಮ್ಯಾಲ ಎಚ್‌ಪಿ ಮತ್ತ ಸ್ಟೇಜ್ ಹೇಳ್ತಾನ. ಇಂಡಿ ಲಿಂಬಿ ತೋಟದ ಮಾಲಕಗ ಇದನ್ನ ಯಾರೂ ಕಲಿಸಬೇಕಾಗಿಲ್ಲ. ಆದ್ರ ಅದ ಮನಿ ಹುಡುಗ ರಿಮೋಟ್ ಬೋಟ್ ಕಟ್ತೀನಿ ಅಂತ ಕುಂತ್ರ ಈ ಶಾಣ್ಯಾತನ ಎಲ್ಲಾ ಎಲ್ಲಿ ಹೋಗ್ತದೋ ಗೊತ್ತಿಲ್ಲ. ಮೊಬೈಲ್‌ದಾಗ ನೋಡಿ ಯಾವದಕ್ಕ ಕೆವಿ ನಂಬರ್ ದೊಡ್ಡದದ ಅದನ್ನ ತರಿಸ್ತಾನ. ಅಪ್ಪನೂ ರೊಕ್ಕ ಕೊಟ್ಟು ಸುಮ್ಮನಾಗ್ತಾನ. ನನ್ನ ತಕರಾರು ಇರೂದು ಇಲ್ಲೇ.

ಕೆವಿ ಅಂದ್ರ ಶಕ್ತಿ ಅಲ್ಲ. ಒಂದು ವೋಲ್ಟಿಗೆ ಮೋಟರ್ ಖಾಲಿ ಎಷ್ಟು ಸುತ್ತು ತಿರುಗ್ತದ ಅನ್ನೂದಷ್ಟ ಅದರ ಅರ್ಥ. 2,000 ಕೆವಿ ಮೋಟರಿಗೆ 11.1 ವೋಲ್ಟಿನ ಮೂರು ಸೆಲ್ ಲಿಪೊ ಬ್ಯಾಟರಿ ಹಚ್ಚಿದ್ರ ನಿಮಿಷಕ್ಕ 22,200 ಸುತ್ತು. 4,000 ಕೆವಿಗೆ 44,400. ಇದು ಕೈಯಾಗ ಹಿಡಿದು, ಪಂಕಾ ಇಲ್ಲದ ತಿರುಗಿಸಿದಾಗಿನ ಮಾತು. ಒಂದ ಗಾತ್ರದ ಎರಡು ಮೋಟರ್ ತಗೊಂಡ್ರ ಕೆವಿ ಹೆಚ್ಚಿದ್ದದ್ದರಾಗ ತಂತಿ ಸುತ್ತು ಕಡಿಮಿ ಇರ್ತಾವ. ಅಷ್ಟ ಬಲಕ್ಕ ಅದು ಆಂಪ್ ಹೆಚ್ಚ ತಿಂತದ. ಅಂದ್ರ ನಂಬರ್ ದೊಡ್ಡದಾದಷ್ಟು ಎಳಿಯೂ ಹಿಡಿತ ಕಡಿಮಿ, ಕಾವು ಜಾಸ್ತಿ.

ನೀರಿನ ಗುಣಾನ ಬ್ಯಾರೆ. ಗಾಳಿಯಂಗ ಅದು ಸುಮ್ಮನ ದಾರಿ ಬಿಡಂಗಿಲ್ಲ. ಅದ ಪಂಕಾ ಎರಡು ಪಟ್ಟು ಜೋರ್ ತಿರುಗಬೇಕಾದ್ರ ಶಕ್ತಿ ಎರಡು ಪಟ್ಟು ಸಾಲಂಗಿಲ್ಲ, ಎಂಟು ಪಟ್ಟು ಬೇಕು. 300 ವ್ಯಾಟಿನಾಗ ಚೊಲೊ ಓಡೂ ಬೋಟಿಗೆ 2,000 ತಗದು 4,000 ಕೆವಿ ಹಚ್ಚಿದ್ರ ಅದು 2,400 ವ್ಯಾಟ್ ಕೇಳ್ತದ. 11.1 ವೋಲ್ಟಿನಾಗ ಅದು 216 ಆಂಪ್. ಆ ಸಣ್ಣ ಬ್ಯಾಟರಿ ಅಷ್ಟು ಎಲ್ಲಿಂದ ಕೊಡ್ಬೇಕು? ಸುತ್ತೂ ಏರಂಗಿಲ್ಲ, ಬೋಟೂ ಓಡಂಗಿಲ್ಲ, ಒಳಗ ವೈಂಡಿಂಗ್ ಸುಡ್ತದ. ಪಂಕಾದ ಅಳತಿ ಇನ್ನೂ ಕಠಿಣ. 40 ಮಿಲಿಮೀಟರ್ ಇದ್ದದ್ದನ್ನ 44 ಮಾಡಿ ಅದ ಸುತ್ತಿನಾಗ ತಿರುಗಿಸಿದ್ರ ಭಾರ ನೂರಕ್ಕ 60ರಷ್ಟು ಏರ್ತದ. ನಾಕ ಮಿಲಿಮೀಟರ್! ಹಂಗಾಗಿ ಮೊದಲ ಬೋಟಿನ ಉದ್ದ ತೂಕ ನೋಡ್ರಿ, ಆಮ್ಯಾಲ ಪಂಕಾ, ಆಮ್ಯಾಲ ವೋಲ್ಟ್. ಕೆವಿ ಕಡೀಕ.

ಲೆಕ್ಕಾ ಕಠಿಣ ಏನಿಲ್ಲ. ಹೊಸಬರ ಬೋಟಿಗೆ ಖಾಲಿ ಸುತ್ತು 25,000 ಇದ್ರ ಭಾಳಾತು. ಅದನ್ನ ವೋಲ್ಟಿನಿಂದ ಭಾಗಿಸ್ರಿ. 7.4 ವೋಲ್ಟಿಗೆ ಸುಮಾರು 3,400 ಕೆವಿ, 11.1ಕ್ಕ 2,250, 14.8ಕ್ಕ 1,700. ಮೂರರಾಗೂ ಸುತ್ತು ಒಂದ, ಆದ್ರ ಆಂಪ್ ಒಂದ ಅಲ್ಲ. 444 ವ್ಯಾಟ್ ಬೇಕಾದ್ರ 11.1 ವೋಲ್ಟಿನಾಗ 40 ಆಂಪ್ ಹರಿಬೇಕು, 14.8ರಾಗ 30 ಸಾಕು. ತಂತಿಯ ಕಾವು ಆಂಪಿನ ವರ್ಗದ ಲೆಕ್ಕದಾಗ ಏರೂದರಿಂದ 40 ಆಂಪಿನ ಕಾವು 30ರದಕ್ಕಿಂತ ಹತ್ತಿರ ಹತ್ತಿರ 1.8 ಪಟ್ಟು. ವೋಲ್ಟ್ ಏರಿಸಿ ಕೆವಿ ಇಳಿಸೂದು ಶಾಣ್ಯಾರ ಕೆಲಸ. ವೋಲ್ಟೇಜ್ ಬಿದ್ದಾಗ ಬೋರಿನ ಮೋಟರ್ ಆಂಪ್ ಎಳದು ಸುಡೂದನ್ನ ಕಂಡ ಊರಿನ ಮಂದಿಗೆ ಇದನ್ನ ಮತ್ತ ಹೇಳಬೇಕೇನು?

ಮೋಟರ್ ಮ್ಯಾಲಿನ 2848, 3660 ಅನ್ನೂ ನಂಬರಿಗೆ ಕೆವಿಗಿಂತ ಹೆಚ್ಚ ಬೆಲಿ ಕೊಡ್ರಿ. ಬೋಟಿಗೆ ಹಚ್ಚೂ ಉದ್ದನ ಡಬ್ಬಿ ಮೋಟರಿನಾಗ ಮೊದಲಿನ ಎರಡು ಅಂಕಿ ದಪ್ಪ, ಉಳಿದ ಎರಡು ಉದ್ದ, ಮಿಲಿಮೀಟರಿನಾಗ. ಕಾವು ತಡಿಯೂದು ಈ ಮೈ. ಮೂರು ವಾಯರ್ ನೋಡಿ ಅಂಜಬ್ಯಾಡ್ರಿ. ಉಲ್ಟಾ ತಿರುಗಿದ್ರ ತ್ರೀ ಫೇಸ್ ಮೋಟರಿನಂಗ ಯಾವದರೆ ಎರಡು ಅದಲ ಬದಲ ಮಾಡಿದ್ರ ಆತು.

ಈಗ ಸ್ಪೀಡ್ ಕಂಟ್ರೋಲರ್. ಹುಡುಗ್ರು ಇಎಸ್‌ಸಿ ಅಂತಾರ. ಬೋರಿಗೆ ಸ್ಟಾರ್ಟರ್ ಡಬ್ಬಿ ಹೆಂಗೋ ಬೋಟಿಗೆ ಇದು ಹಂಗ, ಮ್ಯಾಲ ವೇಗಾನೂ ಹಿಡಿತದ. ಎಲ್ಲಾರೂ ರೊಕ್ಕ ಉಳಸೂದು ಇಲ್ಲೇ, ಸುಡೂದೂ ಇಲ್ಲೇ. ಡ್ರೋನಿಂದೋ ವಿಮಾನದ್ದೋ ಹಳೇದು ಬಿದ್ದಿತ್ತು ಅಂತ ಹಚ್ತಾರ. ವಿಮಾನದ್ದು ಪಂಕಾದ ಗಾಳಿಯಿಂದ ತಣ್ಣಗಾಗೂದು, ಬಹುತೇಕ ಅದಕ್ಕ ರಿವರ್ಸೂ ಇರಂಗಿಲ್ಲ. ಕಾರಿಂದರ ಮ್ಯಾಲ ಸಣ್ಣ ಫ್ಯಾನ್ ಇರ್ತದ. ಮುಚ್ಚಿದ ಬೋಟಿನೊಳಗ ಅದು ಬಿಸಿ ಗಾಳೀನ ತಿರುತಿರುಗಿ ಬೀಸ್ತದ. ನಮ್ಮ ಏಪ್ರಿಲ್ ಮೇ ಬಿಸಲಿನಾಗ ಆ ಪ್ಲಾಸ್ಟಿಕ್ ಡಬ್ಬಿ ಒಳಗ ಒಲಿ ಇದ್ದಂಗ. ಬೋಟಿಗೆ ಬೋಟಿಂದ ಬೇಕು: ನೀರು ಹರಿಯೂ ನಳಿಕಿ ಇದ್ದದ್ದು, ರಿವರ್ಸ್ ಇದ್ದದ್ದು.

ಇನ್ನೊಂದು ಮೋಸ "ವಾಟರ್‌ಪ್ರೂಫ್" ಅನ್ನೂ ಶಬ್ದದಾಗ ಅದ. ನೀರು ಒಳಗ ಹೋಗಂಗಿಲ್ಲ ಅನ್ನೂದು ಬ್ಯಾರೆ, ನೀರಿನಿಂದ ತಣ್ಣಗಾಗ್ತದ ಅನ್ನೂದು ಬ್ಯಾರೆ. ಮಾರಾವರು ಎರಡೂ ಒಂದ ಅನ್ನೂ ಹಂಗ ಬರೀತಾರ. "ಬರ್ಸ್ಟ್" ಅಂತ ಬರದ ದೊಡ್ಡ ಆಂಪ್ ನಂಬರೂ ಹಂಗ, ಅದು ಕೆಲವು ಸೆಕೆಂಡಿನ ಆಟ. ಸತತ ಎಷ್ಟು ತಡೀತದ ಅನ್ನೂದನ್ನ ಓದ್ರಿ. ನೀರಿನಾಗ ಬೋಟ್ ಎಳಿಯೂ ಆಂಪಿಗಿಂತ ಅದು ಒಂದೂವರಿ ಪಟ್ಟಿಂದ ಎರಡು ಪಟ್ಟು ಇರಲಿ. 40 ಎಳೀತಿದ್ರ 60ಕ್ಕ ಕಡಿಮಿ ಬ್ಯಾಡ, 80 ಚೊಲೊ. ಆಂಪ್ ಅಳೀಲಾಕ ಸಣ್ಣ ವ್ಯಾಟ್ ಮೀಟರ್ ಸಿಗ್ತದ. ಬೋರ್ ರಿಪೇರಿಯವರ ಸಾದಾ ಕ್ಲ್ಯಾಂಪ್ ಮೀಟರ್ ಇದಕ್ಕ ನಡಿಯಂಗಿಲ್ಲ, ಅದು ಎಸಿ ಅಷ್ಟ ಅಳೀತದ. ಬ್ಯಾಟರಿ ಕಡೆ ವಾಯರ್ ಉದ್ದ ಮಾಡಬ್ಯಾಡ್ರಿ, ಕಂಟ್ರೋಲರಿನ ಕೆಪಾಸಿಟರ್ ಹಾಳಾಗ್ತಾವ. ಉದ್ದ ಬೇಕಾದ್ರ ಮೋಟರ್ ಕಡೆ ಮಾಡ್ರಿ.

"ಆಟಗಿ ಸಾಮಾನಿಗೆ ಇಷ್ಟ್ಯಾಕ್ರಿ ತಲಿಬ್ಯಾನಿ? ಸುಟ್ರ ಸುಡ್ತದ, ಮತ್ತೊಂದು ತಂದ್ರಾತು" ಅನ್ನಾವರು ಅದಾರ. ಅವರಿಗೆ ನನ್ನ ಉತ್ತರ ಇದು. ಕಾರ್ ಸುಟ್ರ ಅಂಗಳದಾಗ ನಿಲ್ತದ. ಬೋಟ್ ಸುಟ್ರ ಕೆರಿ ನಡುವ ನಿಲ್ತದ. ಅದನ್ನ ತರಲಾಕ ಯಾರು ಹೋಗ್ತಾರ? ಹುಡುಗನ ಹೋಗ್ತಾನ. ನಮ್ಮ ಸುತ್ತ ಈಗ ನೀರು ಎಲ್ಲೆಲ್ಲಿ ಅದ ನೋಡ್ರಿ. ಆಲಮಟ್ಟಿ ಹಿನ್ನೀರು, ಮುಳವಾಡ ಏತ ನೀರಾವರಿಯಿಂದ ತುಂಬಿಸೂ ಕೆರಿ, ಇಂಡಿ ಶಾಖಾ ಕಾಲುವಿ, ಭೀಮಾ ಹೊಳಿ. 2014ರಾಗ ಸುರುವಾದ ಕೃಷಿ ಭಾಗ್ಯದಾಗ ತಗದ ಹೊಂಡಗೋಳು ಬ್ಯಾರೆ. ಕೃಷಿ ಹೊಂಡಕ್ಕ ಹಾಸಿದ ಪ್ಲಾಸ್ಟಿಕ್ ಹಾಳಿ ತೊಯ್ದ್ರ ಈಜು ಬರೂ ಗಂಡಸಿಗೂ ಹತ್ತಲಾಕ ಆಗಂಗಿಲ್ಲ, ಕಾಲು ಜಾರಿ ಜಾರಿ ಒಳಗ ಎಳೀತದ. ಕಾಲುವಿಯ ಸಿಮೆಂಟ್ ಇಳಿಜಾರೂ ಹಂಗ, ಮ್ಯಾಲ ನೀರಿನ ಸೆಳವು ಬ್ಯಾರೆ. ಬೋಟ್ ನಡುವ ನಿಲ್ಲದಂಗ ನೋಡೂದು ರೊಕ್ಕ ಉಳಸೂ ಮಾತಷ್ಟ ಅಲ್ಲ.

ಬೋಟ್ ನಡುವ ನಿಲ್ಲಲಾಕ ಕಾರಣಾನೂ ಗೊತ್ತಿದ್ದದ್ದ. ಅಂತರಗಂಗಿ ಇಲ್ಲಾ ಪಾಚಿ ಪಂಕಾಕ್ಕ ಸುತ್ತಕೊಂಡ್ರ ಮೋಟರ್ ಜಾಮ್ ಆಗ್ತದ, ಆಂಪ್ ಒಮ್ಮೆಲೆ ಏರ್ತದ. ಬೋಟ್ ಓಡಿದ್ರಷ್ಟ ನಳಿಕಿಯಾಗ ನೀರು ಬರ್ತದ, ನಿಂತಾಗ ತಣ್ಣಗ ಮಾಡೂ ನೀರೂ ಇಲ್ಲ. ಆಗ ಹುಡುಗ ಇನ್ನೂ ಜೋರ್ ಒತ್ತಿದ್ರ ಮುಗೀತು. ಕೈ ಬಿಡೂದು, ಹಗೂರಕ ರಿವರ್ಸ್ ಕೊಡೂದು ಕಲಸ್ರಿ. ಕಂಟ್ರೋಲರಿನಾಗ ಬ್ಯಾಟರಿ ಇಳದಾಗ ವೇಗ ಕಡಿಮಿ ಮಾಡೂ ಕಟಾಫ್ ಇರ್ತದ. ಅದನ್ನ ಲಿಪೊಕ್ಕ ಇಡ್ರಿ. "ಇನ್ನೆರಡು ಸುತ್ತು ಓಡಲಿ" ಅಂತ ಬಂದ್ ಮಾಡಿದ್ರ ಬ್ಯಾಟರಿ ಉಬ್ಬತದ, ಬೆಂಕಿಗೂ ದಾರಿ. ಕಟಾಫ್ ಬಡದ ಕೂಡಲೆ ಬೋಟ್ ದಂಡಿಗೆ ತಿರುಗಿಸೂದು ರೂಢಿ ಆಗಬೇಕು. ರಿಸೀವರಿನ ಆಂಟೆನಾ ನೀರಿನ ಮ್ಯಾಲ ಎತ್ತರದಾಗ ಇರಲಿ, ಸಿಗ್ನಲ್ ತಪ್ಪಿದ್ರ ಮೋಟರ್ ಬಂದ್ ಆಗೂ ಹಂಗ ಫೇಲ್‌ಸೇಫ್ ಇಡ್ರಿ.

ಇಷ್ಟೆಲ್ಲಾ ಮಾಡಿದ್ರೂ ಒಂದಿಲ್ಲೊಂದು ದಿನ ಬೋಟ್ ನಿಲ್ತದ. ಹಂಗಾಗಿ ಮೋಟರಿಗೆ ರೊಕ್ಕ ಕೊಡೂ ಅಪ್ಪ ಅವ್ವ ಅದರ ಜೋಡಿ ಗಾಳದ ಉದ್ದನ ದಾರಕ್ಕ ಒಂದು ಟೆನಿಸ್ ಬಾಲ್ ಕಟ್ಟಿ ಕೊಡ್ರಿ. ಬೋಟಿನಾಚೆ ಒಗದು ಎಳಕೊಂಡ್ರ ದಂಡಿಗೆ ಬರ್ತದ. ದಾರ ಮುಟ್ಟಲಿಲ್ಲಂದ್ರ ಕುಂತು ಕಾಯೂದು, ಗಾಳಿ ಒಂದು ದಂಡಿಗೆ ತಂದ ತರ್ತದ. ಕಾಲುವಿ ಮತ್ತ ಕೃಷಿ ಹೊಂಡದಾಗ ಬಿಡೂದ ಬ್ಯಾಡ. "ಬೋಟ್ ಹೋದ್ರ ಹೋಗಲಿ, ನೀ ನೀರಿಗೆ ಇಳಿಬ್ಯಾಡ" ಅಂತ ಬೋಟ್ ಕೈಯಾಗ ಕೊಡೂ ಮುಂದ ಹೇಳ್ರಿ, ಅದು ಮುಳುಗಿದ ಮ್ಯಾಲ ಬೈಯಲಾಕೂ ಹೋಗಬ್ಯಾಡ್ರಿ. ಬೈತಾರ ಅನ್ನೂ ಅಂಜಿಕಿಗೇ ಹುಡುಗ್ರು ನೀರಿಗಿಳಿತಾವ.