ಹಾರ ಒಬ್ಬರಿಗೆ, ಅಯೋಡೆಕ್ಸ್ ಇನ್ನೊಬ್ಬರಿಗೆ

ಕಬಡ್ಡಿ ಎಂದರೆ ರೈಡರ್ ಎಂದು ತಿಳಿದುಕೊಂಡವರ ಜೊತೆ ನನ್ನದೊಂದು ಜಗಳವಿದೆ. ಇದು ಇವತ್ತು ನಿನ್ನೆಯದಲ್ಲ. ತುಂಗಭದ್ರೆಯ ದಂಡೆಯ ಮೇಲಿನ ನನ್ನ ತವರು ಸಿಂಗಟಾಲೂರಿನಲ್ಲಿ, ವೀರಭದ್ರೇಶ್ವರನ ಗುಡಿಗೆ ಹೋಗುವಷ್ಟೇ ಶ್ರದ್ಧೆಯಿಂದ ಜನ ಕಬಡ್ಡಿ ನೋಡಲು ಹೋಗುತ್ತಾರೆ. ಆಟ ಮುಗಿದ ಮೇಲೆ ಹೆಗಲ ಮೇಲೆ ಹೊತ್ತು ಕುಣಿಸುವುದು ಯಾರನ್ನು? ಉಸಿರು ಬಿಗಿಹಿಡಿದು ಒಳಹೊಕ್ಕು, ಇಬ್ಬರನ್ನು ಮುಟ್ಟಿ, ನಡುಗೆರೆಗೆ ಜಿಗಿದು ಬಂದವನನ್ನು. ಅವನ ಕೊರಳಿಗೆ ಹಾರ. ಎದುರಾಳಿಯ ಕಾಲಿಗೆ ಜೋತುಬಿದ್ದು ಮೊಣಕೈ ಕಿತ್ತುಕೊಂಡವನಿಗೆ ಅಯೋಡೆಕ್ಸ್.

ಗಂಡಸರ ಆಟದಲ್ಲಿ ಇದ್ದ ಈ ರೂಢಿ ಹೆಣ್ಣುಮಕ್ಕಳ ಆಟಕ್ಕೂ ಹಾಗೆಯೇ ನಡೆದು ಬಂದಿದೆ. ನನ್ನ ತಂಗಿಯ ಮಗಳು ಎಡ ಮೂಲೆಯಲ್ಲಿ ನಿಲ್ಲುವ ಹುಡುಗಿ. ಒಳಗೆ ಬಂದವಳ ಪಾದ ಹಿಡಿದು ಎಳೆಯುವುದು ಅವಳ ಕೆಲಸ. ಒಂದು ಆಯ್ಕೆಗೆ ಹೋಗಿ ಬರಿಗೈಯಲ್ಲಿ ಬಂದಳು. ಆರಿಸುವವರು ಅಂಕ ಎಷ್ಟು ಎಂದು ಕೇಳಿದರಂತೆ. ಅವಳ ಲೆಕ್ಕದಲ್ಲಿ ಅಂಕ ಕಡಿಮೆ. ಮನೆಯಲ್ಲಿ ಆಗಲೇ, "ಹಿಡಿಯೂ ಆಟಕ್ಕ ಯಾಕ ಮೈಕೈ ಮುರಕೋತಿ, ಓದಿಕೊಂಡು ಕುಂದರು" ಎಂಬ ಮಾತು ಶುರುವಾಗಿದೆ. ಹುಡುಗಿ ನನಗೆ ಹೇಳಿದ್ದು ಇಷ್ಟೇ: "ದೊಡ್ಡವ್ವ, ನಾ ಹಿಡದ್ರ ಅಕಿ ಒಳಗ ಬರ್ತಾಳ. ನಾ ಹಿಡೀಲಿಲ್ಲಂದ್ರ ಅಕಿ ಹೊರಗ ಕುಂತೇ ಇರ್ತಾಳ."

ಇಡೀ ಕಬಡ್ಡಿ ಶಾಸ್ತ್ರ ಈ ಎರಡು ವಾಕ್ಯದಲ್ಲಿದೆ. ನಿಯಮ ನೋಡಿ. ಒಂದು ಕಡೆಗೆ ಏಳು ಜನ. ರೈಡರ್ ಸಿಕ್ಕಿಬಿದ್ದರೆ ಔಟ್ ಆಗಿ ಗೆರೆಯಾಚೆ ಕೂಡಬೇಕು. ಅವಳು ತಾನಾಗಿಯೇ ಎದ್ದು ಬರುವಂತಿಲ್ಲ. ಅವಳ ತಂಡದವರು ಎದುರಿನ ಕಡೆಯ ಒಬ್ಬರನ್ನು ಔಟ್ ಮಾಡಿದರೆ ಮಾತ್ರ ಹೊರಗೆ ಕುಳಿತವರಲ್ಲಿ ಒಬ್ಬರಿಗೆ ಜೀವ ಬರುತ್ತದೆ, ಅದೂ ಔಟ್ ಆದ ಸರದಿಯ ಪ್ರಕಾರ. ಬೋನಸ್ ಅಂಕ ಎಷ್ಟು ತಂದರೂ ಯಾರೂ ಎದ್ದು ಬರುವುದಿಲ್ಲ. ಎಂಥ ಚಿಗರಿಯಂಥ ಕಾಲಿನವಳಾದರೂ ಆ ಬೆಂಚಿನ ಮೇಲೆ ಕುಂಟಿಯೇ. ಮೂಲೆಯಲ್ಲಿ ನಿಂತವಳು ಒಂದು ಪಾದ ಹಿಡಿದಾಗ ಅವಳಿಗೆ ಮತ್ತೆ ಕಾಲು ಬರುತ್ತದೆ.

ಇನ್ನೊಂದು ಗುಟ್ಟು ಕೇಳಿ. ಹಿಡಿಯುವವರು ಗಟ್ಟಿಯಿದ್ದರೆ ರೈಡರ್ ನಿಶ್ಚಿಂತಳು. ಅವಳಿಗೆ ಇರುವ ಮೂವತ್ತು ಸೆಕೆಂಡಿನಲ್ಲಿ ಎದುರಿನವರನ್ನು ಆಡಿಸಿ, ತಪ್ಪು ಹೆಜ್ಜೆಗಾಗಿ ಕಾದು, ಸಿಗದಿದ್ದರೆ ಸುಮ್ಮನೆ ಮರಳಬಹುದು. ಹಿಡಿಯುವವರು ಸಡಿಲಾದರೆ ಹೋದಾಗಲೆಲ್ಲ ಅಂಕ ತಂದೇ ತೀರಬೇಕು. ಆಗ ನುಗ್ಗುತ್ತಾಳೆ, ಸಿಕ್ಕಿಬೀಳುತ್ತಾಳೆ. ನೋಡುವವರು "ಇವತ್ತು ಅಕಿ ಆಟ ಕೂಡಲಿಲ್ಲ" ಎನ್ನುತ್ತಾರೆ. ಕೂಡದೆ ಹೋದದ್ದು ಬೆನ್ನ ಹಿಂದಿನ ಆರು ಜನರದು.

ಮಾತಿಗೆ ಸಾಕ್ಷಿ ಬೇಕೆ? 2019ರ ಜನವರಿ 5ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿಯ ಫೈನಲ್ಲಿನಲ್ಲಿ ನಮ್ಮ ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಅದ್ಭುತವೇ, ಅಲ್ಲವೆನ್ನುವುದಿಲ್ಲ. ಆದರೆ ಕಿರಾಣಿ ಲೆಕ್ಕ ಬಲ್ಲ ನಾವು ಒಮ್ಮೆ ಕಳೆದು ನೋಡೋಣ. 33 ಅಂಕದ ಎದುರು 22 ಸೋಲೇ ಹೊರತು ಗೆಲುವಲ್ಲ. ಉಳಿದ 16 ಎಲ್ಲಿಂದ ಬಂತು? ಅದನ್ನು ಯಾರಾದರೂ ನೆನಪಿಟ್ಟಿದ್ದಾರೆಯೇ? 2016ರಲ್ಲಿ ಹೆಣ್ಣುಮಕ್ಕಳಿಗಾಗಿ ಮೂರೇ ತಂಡಗಳ ಒಂದು ಪಂದ್ಯಾವಳಿ ನಡೆಯಿತು. ಫೈನಲ್ಲಿನಲ್ಲಿ ತೇಜಸ್ವಿನಿ ಬಾಯಿಯ ಸ್ಟಾರ್ಮ್ ಕ್ವೀನ್ಸ್, ಮಮತಾ ಪೂಜಾರಿಯ ಫೈರ್ ಬರ್ಡ್ಸ್ ತಂಡವನ್ನು 24-23ರಿಂದ ಮಣಿಸಿತು. ಇಬ್ಬರು ನಾಯಕಿಯರೂ ನಮ್ಮ ಕರ್ನಾಟಕದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಒಂದೇ ಅಂಕದ ಅಂತರ. ಒಂದು ಹಿಡಿತದ ಬೆಲೆ ಎಷ್ಟೆಂದು ಅವರನ್ನು ಕೇಳಬೇಕು.

ಹಾಗಿದ್ದರೂ ಹಿಡಿಯುವವಳ ಅಂಕ ಕಡಿಮೆ ಕಾಣುವುದು ಯಾಕೆ? ರೈಡರ್ ಒಂದೇ ಸಲಕ್ಕೆ ಮೂವರನ್ನು ಮುಟ್ಟಿದರೆ ಮೂರು ಅಂಕ. ನಾಲ್ವರು ಮೇಲೆ ಬಿದ್ದು ಒಬ್ಬಳನ್ನು ಕೆಡವಿದರೂ ಸಾಮಾನ್ಯವಾಗಿ ತಂಡಕ್ಕೆ ಒಂದೇ ಅಂಕ. ಲೆಕ್ಕದ ರೀತಿಯೇ ಹಾಗಿದೆ. ಅಂಕದ ಚೀಟಿ ಮಾತ್ರ ನೋಡಿ ಆರಿಸುವವರು ಕಬಡ್ಡಿ ನೋಡಿದಂತಾಗುವುದಿಲ್ಲ, ಚೀಟಿ ಓದಿದಂತಾಗುತ್ತದೆ.

ಈ ಕುರುಡು ನಮ್ಮ ಊರಿಗಷ್ಟೇ ಸೇರಿದ್ದಲ್ಲ. ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಅಳಿಯಂದಿರು ಟಿವಿಯಲ್ಲಿ ಅವರ ಫುಟ್‌ಬಾಲ್ ತೋರಿಸಿದರು. ಹೆಸರು ಫುಟ್‌ಬಾಲ್, ಚೆಂಡು ಹೆಚ್ಚಾಗಿ ಕೈಯಲ್ಲೇ! ಕ್ವಾರ್ಟರ್‌ಬ್ಯಾಕ್ ಎಂಬುವನು ಆಟದ ಯಜಮಾನ. ಅವನ ಮುಂದೆ ಐದು ಜನ ದೈತ್ಯರು ಗೋಡೆಯಂತೆ ನಿಂತು, ಮೈಮೇಲೆ ಬರುವವರನ್ನು ತಡೆಯುತ್ತಾರೆ. "ನೋಡ್ರಿ ಅತ್ತಿ, ಈಗಿನ ಕ್ವಾರ್ಟರ್‌ಬ್ಯಾಕ್‌ಗಳು ತಾವ ಓಡ್ತಾರ. ಇವರಿಗೆ ಆ ಗೋಡಿ ಅಷ್ಟೇನ ಬೇಕಾಗೂದುಲ್ಲ" ಎಂದರು ಅಳಿಯಂದಿರು.

ಅದೇ ಮಾತು, ಸಮುದ್ರದಾಚೆ! ಆದರೆ ಅಲ್ಲಿಯ ಅಂಕಿಗಳೇ ಬೇರೆ ಹೇಳುತ್ತವೆ. ಬಾಲ್ಟಿಮೋರ್ ರೇವನ್ಸ್ ತಂಡದ ಲಮಾರ್ ಜಾಕ್ಸನ್ 2019ರಲ್ಲಿ ಚೆಂಡು ಹಿಡಿದು 1206 ಗಜ ಓಡಿ, ಮೈಕೆಲ್ ವಿಕ್ 2006ರಲ್ಲಿ ಓಡಿದ್ದ 1039 ಗಜದ ದಾಖಲೆ ಮುರಿದ. ಆ ವರ್ಷದ ಅತ್ಯುತ್ತಮ ಆಟಗಾರನಾದ. ಚೆಂಡು ಕೈಯಲ್ಲಿರುವಾಗಲೇ ಎದುರಾಳಿಗಳು ಅವನನ್ನು ಹಿಂದೆ ಕೆಡವಿದ್ದು 23 ಸಲ. ಆಗ ಅವನ ಗೋಡೆಯಲ್ಲಿ ಮಾರ್ಷಲ್ ಯಾಂಡಾ, ರಾನಿ ಸ್ಟ್ಯಾನ್ಲಿ ಎಂಬ ಇಬ್ಬರು ಗಟ್ಟಿಗರಿದ್ದರು. ಆ ಋತು ಮುಗಿದ ಮೇಲೆ ಯಾಂಡಾ ನಿವೃತ್ತನಾದ. 2020ರ ನವೆಂಬರಿನಲ್ಲಿ ಸ್ಟ್ಯಾನ್ಲಿಯ ಕಾಲಿನ ಗಿಣ್ಣಿಗೆ ದೊಡ್ಡ ಪೆಟ್ಟಾಯಿತು. 2021ರಲ್ಲಿ ಅವನು ಆಡಿದ್ದು ಒಂದೇ ಪಂದ್ಯ. ಅದೇ 2021ರಲ್ಲಿ ಅದೇ ಲಮಾರನನ್ನು ಬರೀ 12 ಪಂದ್ಯಗಳಲ್ಲಿ 38 ಸಲ ಕೆಡವಿದರು. ಡಿಸೆಂಬರಿನಲ್ಲಿ ಅವನ ಕಾಲಿಗೂ ಪೆಟ್ಟಾಗಿ ಆ ಋತುವಿನ ಆಟವೇ ನಿಂತಿತು.

ಎಲ್ಲಕ್ಕೂ ಗೋಡೆಯೊಂದೇ ಕಾರಣ ಎಂದು ನಾನು ವಾದಿಸುವುದಿಲ್ಲ. ಓಡಾಡುವವನು ಚೆಂಡನ್ನು ಹೆಚ್ಚು ಹೊತ್ತು ಕೈಯಲ್ಲಿ ಇಟ್ಟುಕೊಳ್ಳುತ್ತಾನೆ, ಅದರಿಂದಲೂ ಬೀಳುತ್ತಾನೆ. ಆದರೆ ಅದರ ಅರ್ಥವೇನು? ನಿಂತಲ್ಲೇ ನಿಲ್ಲುವವನನ್ನು ಕಾಯುವುದು ಸುಲಭ. ಬೆನ್ನ ಹಿಂದೆ ಎಡಕ್ಕೋ ಬಲಕ್ಕೋ ಎತ್ತ ಓಡಿದನೆಂದು ಕಾಣದೆ, ಅವನಿಗಾಗಿ ಇನ್ನಷ್ಟು ಹೊತ್ತು ತಡೆದು ನಿಲ್ಲುವುದು ಕಷ್ಟ. ಓಡುವವನಿಗೆ ಗೋಡೆ ಕಡಿಮೆ ಸಾಕೆಂಬುದು ತಲೆಕೆಳಗಾದ ಮಾತು. ಓಡುವವನಿಗೇ ಒಳ್ಳೆಯ ಗೋಡೆ ಬೇಕು. ಆದರೆ ಆ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಗೋಡೆಯ ಆ ಐವರಲ್ಲಿ ಒಬ್ಬನಿಗೆ ಬರುವುದು ತೀರಾ ಅಪರೂಪ.

"ಹಾಗೇನಿಲ್ಲ, ಹಿಡಿಯುವವರಿಗೂ ಬೆಲೆ ಇದೆ" ಎಂದು ಕೆಲವರು ಎನ್ನಬಹುದು. ನಿಜ. 2018ರ ಪ್ರೊ ಕಬಡ್ಡಿ ಹರಾಜಿನಲ್ಲಿ ಮೊದಲು ಕೋಟಿ ಮುಟ್ಟಿದವನು ಇರಾನಿನ ಫಜಲ್ ಅತ್ರಾಚಲಿ, ಮೂಲೆಯಲ್ಲಿ ನಿಂತು ಹಿಡಿಯುವವನೇ. ಅದೇ ಹರಾಜಿನಲ್ಲಿ ರೈಡರ್ ಮೋನು ಗೋಯತ್ 1.51 ಕೋಟಿಗೆ ಹೋದನೆಂಬುದೂ ನಿಜ. ಇರಲಿ. ದುಡ್ಡು ಹಾಕುವ ವ್ಯಾಪಾರಿಗೆ ತಿಳಿದ ಸತ್ಯ, ಪುಕ್ಕಟೆ ಚಪ್ಪಾಳೆ ತಟ್ಟುವ ನಮಗೆ ಯಾಕೆ ತಿಳಿಯಬಾರದು?

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರು, ಇದು ಮನೆಯೊಳಗಿನ ಹೆಂಗಸರ ಕಥೆಯೇ ಎಂದುಕೊಂಡಿರಬಹುದು. ಹೋಲಿಕೆ ನಿಮಗೆ ಬಿಟ್ಟದ್ದು. ನಾನು ಮಾತ್ರ ಕಬಡ್ಡಿಯ ಬಗ್ಗೆಯೇ ಹೇಳುತ್ತಿದ್ದೇನೆ. ಯಾಕೆಂದರೆ ನಮ್ಮನ್ನು "ಮನೆಯ ಬೆನ್ನೆಲುಬು" ಎಂದು ಹೊಗಳಿ ಬೆನ್ನು ನೋಯುವಷ್ಟು ದುಡಿಸಿಕೊಂಡವರ ಭಾಷೆ ನನಗೆ ಚೆನ್ನಾಗಿ ಗೊತ್ತು. ಮೂಲೆಯಲ್ಲಿ ನಿಂತ ಹುಡುಗಿಯನ್ನೂ "ತಂಡದ ಬೆನ್ನೆಲುಬು" ಎಂದು ಭಾಷಣದಲ್ಲಿ ಕರೆದು ಕೈತೊಳೆದುಕೊಳ್ಳುವುದು ಬೇಡ. ಹೊಗಳಿಕೆಗೆ ದುಡ್ಡು ಬೀಳುವುದಿಲ್ಲ, ಕಪ್ಪಿಗೆ ಬೀಳುತ್ತದೆ.

ನನ್ನ ಬೇಡಿಕೆ ಸಣ್ಣದು. ಊರೂರಿನ ಪಂದ್ಯಾವಳಿಗಳಲ್ಲಿ ಒಳ್ಳೆಯ ಹಿಡಿತಗಾರ್ತಿಗೆ ರೈಡರಿನ ಕಪ್ಪಿನಷ್ಟೇ ಎತ್ತರದ ಕಪ್ಪು ಕೊಡಿ. ಆರಿಸುವ ದೊಡ್ಡವರು ಚೀಟಿ ಕೆಳಗಿಟ್ಟು ಎದುರಿನ ರೈಡರ್ ಎಷ್ಟು ಸಲ ಬರಿಗೈಯಲ್ಲಿ ಮರಳಿದಳು ಎಂಬುದನ್ನೂ ಎಣಿಸಲಿ. ಮಗಳು ಹಿಡಿಯುವ ಆಟ ಆಡುತ್ತೇನೆಂದರೆ ತಾಯಂದಿರು ಮೊಣಕಾಲಿಗೆ ಒಂದು ಪಟ್ಟಿ ಕೊಡಿಸಲಿ, ಉಪದೇಶ ಬೇಡ. ಚಪ್ಪಾಳೆ ತಟ್ಟುವ ನಾವು, ಹೊರಗೆ ಕುಳಿತ ರೈಡರ್ ಎದ್ದು ಒಳಗೆ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳೋಣ: ಅವಳನ್ನು ಎಬ್ಬಿಸಿದ್ದು ಯಾರು?