ಗಾಡಿ ನಿಮ್ಮದು, 25 ಕ್ವಿಂಟಲ್ ತೊಗರಿ ಯಾರದು?



ತೊಗರಿ ರಾಶಿ ಮುಗಿಯುವುದೇ ತಡ, ವಾಡಿ, ಚಿತ್ತಾಪುರ, ಸೇಡಂ, ಶಹಾಬಾದ, ಚಿಂಚೋಳಿ ಕಡೆಯ ಹಳ್ಳಿಗಳಿಗೆ ಇಬ್ಬರು ಬರುತ್ತಾರೆ. ಒಬ್ಬ ಕಟ್ಟೆಯ ಮೇಲೆ ಕೂತು ನಮ್ಮ ಮಾಲಿಗೆ ತಾನೇ ಧಾರಣಿ ಕಟ್ಟುವ ವ್ಯಾಪಾರಿ. ಇನ್ನೊಬ್ಬ ಪಿಕಪ್ ಗಾಡಿಯ ಬಣ್ಣದ ಕಾಗದ ಹಿಡಿದು ಬರುವ ಏಜೆಂಟ. ಮೊದಲನೆಯವನ ಕಾಟಕ್ಕೆ ಬೇಸತ್ತ ರೈತ ಎರಡನೆಯವನ ಕೈಗೆ ಸಿಗುತ್ತಾನೆ. "ನಿಮ್ಮದೇ ಗಾಡಿ ಇದ್ರ ಕಲಬುರಗಿ ಎ.ಪಿ.ಎಂ.ಸಿ.ಗೆ ನೀವೇ ಒಯ್ಯಬಹುದಲ್ರಿ ಗೌಡ್ರ, ಮತ್ತೊಬ್ಬರ ಹಂಗ್ಯಾಕ?" ಅಂತಾನ. ಮಾತು ಸುಳ್ಳಲ್ಲ. ಗಾಡಿ ಇಲ್ಲದವನು ಬಾಗಿಲಿಗೆ ಬಂದವನಿಗೇ ಮಾರಬೇಕು, ಅವನ ತಕ್ಕಡಿಯನ್ನೇ ನಂಬಬೇಕು. ಆದರೆ ಏಜೆಂಟ ಹೇಳುವುದು ಅರ್ಧ ಲೆಕ್ಕ. ಉಳಿದರ್ಧ ನಾವು ಹಾಕೋಣ.

ಮೊದಲು ಗಾಡಿಯ ಲೆಕ್ಕ. 2005ರಲ್ಲಿ ಟಾಟಾ ಏಸ್ ಬಂತು; ಮಂದಿ ಅದಕ್ಕೆ ಛೋಟಾ ಹಾಥಿ ಅಂತ ಹೆಸರಿಟ್ಟರು. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್, 2016ರಲ್ಲಿ ಮಾರುತಿ ಸೂಪರ್ ಕ್ಯಾರಿ ಬಂದವು. ಮಹೀಂದ್ರ ಬೊಲೆರೊ ಪಿಕಪ್ಪಂತೂ ಎಲ್ಲ ಊರಲ್ಲೂ ಕಾಣುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂದು ಬಣ್ಣ, ಸೀಟು, ಟೇಪು ನೋಡಿ ಹೇಳಬೇಡಿ. ತೂಕ ನೋಡಿ. ಸಣ್ಣ ಗಾಡಿ ಹೊರುವುದು ಸುಮಾರು 750 ಕಿಲೋ, ಅಂದರೆ ಏಳೂವರೆ ಕ್ವಿಂಟಲ್. ಅದೇ ಮಾದರಿಗೆ ಸಿ.ಎನ್.ಜಿ. ಸಿಲಿಂಡರು ಕೂಡಿಸಿದರೆ ಇನ್ನೂ ಕಡಿಮೆ. ಬೊಲೆರೊದ ದೊಡ್ಡ ಮಾದರಿ 17 ಕ್ವಿಂಟಲ್ ಹೊರುತ್ತದೆ. ಹತ್ತು ಎಕರೆ ಒಣ ಹೊಲ, ಎಕರೆಗೆ 4 ಕ್ವಿಂಟಲ್ ತೊಗರಿ ಅಂತ ಹಿಡಿಯಿರಿ. ಒಟ್ಟು 40 ಕ್ವಿಂಟಲ್. ಸಣ್ಣ ಗಾಡಿಗೆ ಆರು ಖೇಪು, ದೊಡ್ಡದಕ್ಕೆ ಮೂರು. ಒಂದು ವಾರದಲ್ಲಿ ಕೆಲಸ ಮುಗೀತು. ಆಮೇಲೆ ವರ್ಷಪೂರ್ತಿ ಗಾಡಿ ಬೇವಿನ ಗಿಡದ ಕೆಳಗೆ ನಿಲ್ಲುತ್ತದೆ. ಕಂತು ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ.

ಬಾಡಿಗೆಗೆ ಬಿಡ್ತೀನಿ ಅಂತೀರಿ. ಊರಲ್ಲಿ ಆಗಲೇ ನಾಲ್ಕು ಗಾಡಿ ಬಾಡಿಗೆಗೆ ಕಾದು ನಿಂತಿದ್ದರೆ ಐದನೆಯದು ಬಂದ ದಿನ ಬಾಡಿಗೆ ಇಳಿಯುತ್ತದೆ. ಕಂತಿನ ಅವಸರಕ್ಕೆ ಶಹಾಬಾದ ಕಲ್ಲು ಮಿತಿಮೀರಿ ಹೇರಿದಿರೋ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚು ಭಾರಕ್ಕೆ ಬರೆದ ದಂಡ 20 ಸಾವಿರ ರೂಪಾಯಿ. ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2 ಸಾವಿರ.

ಈಗ ಸಾಲದ ಲೆಕ್ಕ. 6 ಲಕ್ಷ ಸಾಲ, ನಾಲ್ಕು ವರ್ಷ, "ಬರೇ 9 ಪರ್ಸೆಂಟ್ ಫ್ಲ್ಯಾಟ್" ಅಂತ ಹೇಳುತ್ತಾರೆ. ಫ್ಲ್ಯಾಟ್ ಅಂದರೆ ಏನು? ನೀವು ಅಸಲು ತೀರಿಸುತ್ತಾ ಹೋದರೂ ಬಡ್ಡಿ ಮಾತ್ರ ಮೊದಲ ದಿನದ 6 ಲಕ್ಷದ ಮೇಲೆಯೇ ನಡೆಯುತ್ತದೆ. ಬಡ್ಡಿ 2 ಲಕ್ಷ 16 ಸಾವಿರ. ಒಟ್ಟು 8 ಲಕ್ಷ 16 ಸಾವಿರ. ತಿಂಗಳಿಗೆ 17 ಸಾವಿರದಂತೆ 48 ಕಂತು. ಉಳಿದ ಬಾಕಿಯ ಮೇಲೆ ಲೆಕ್ಕ ಮಾಡಿದರೆ ಇದರ ನಿಜವಾದ ಬಡ್ಡಿ ಹೆಚ್ಚುಕಡಿಮೆ 16 ಪರ್ಸೆಂಟ್! ಒಂಬತ್ತು ಎಲ್ಲಿ, ಹದಿನಾರು ಎಲ್ಲಿ?

ಇದನ್ನು ತೊಗರಿಯಲ್ಲಿ ಅಳೆಯಿರಿ. ವರ್ಷದ ಕಂತು 2 ಲಕ್ಷ 4 ಸಾವಿರ. 2025-26ನೇ ಸಾಲಿಗೆ ಕೇಂದ್ರ ಸರಕಾರ ಸಾರಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8 ಸಾವಿರ. ಆ ಬೆಲೆ ಪೂರಾ ಕೈಗೆ ಸಿಕ್ಕರೂ ಕಂತಿಗೇ ಇಪ್ಪತ್ತೈದೂವರೆ ಕ್ವಿಂಟಲ್ ಹೋಯಿತು. ನಲವತ್ತರಲ್ಲಿ ಉಳಿದದ್ದು ಹದಿನಾಲ್ಕೂವರೆ. ಬೀಜ, ಗೊಬ್ಬರ, ಔಷಧ, ಕೂಲಿ, ಡೀಸೆಲ್, ವಿಮೆ ಎಲ್ಲ ಅದರಲ್ಲೇ. ದಲಾಲಿಯಿಂದ ತಪ್ಪಿಸಿಕೊಳ್ಳಲು ಹೋಗಿ ಫೈನಾನ್ಸಿನವನ ಹೊಲ ಉಳುವುದು ಯಾವ ಸ್ವಾತಂತ್ರ್ಯ?

ಹಾಗಾದರೆ ರೈತನಿಗೆ ಗಾಡಿ ಬೇಡವೇ? ಬೇಕು. ಬೇಕೇ ಬೇಕು. ಬೇಡವಾದದ್ದು ಈ ಬಡ್ಡಿ. ಇದನ್ನು ಸರಕಾರವೂ ಒಪ್ಪಿದೆ. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಗುಡ್ಡಗಾಡು ಪ್ರದೇಶದ ರೈತರು ಮಾಲು ಸಾಗಿಸುವ ಪಿಕಪ್ ವ್ಯಾನ್ ಕೊಳ್ಳಲು 7 ಲಕ್ಷದವರೆಗೆ ಶೇ. 4ರ ಬಡ್ಡಿಯಲ್ಲಿ ಸಾಲ ಎಂದು ಸಾರಿದರು. ಒಳ್ಳೆಯದು. ಗುಡ್ಡದ ಅಣ್ಣತಮ್ಮಂದಿರಿಗೆ ಸಿಗಲಿ. ನಮ್ಮ ಪ್ರಶ್ನೆ ಇಷ್ಟೇ: ನಮ್ಮ ಜಿಲ್ಲೆಗೆ ತೊಗರಿ ಕಣಜ ಅಂತ ಬಿರುದು ಕೊಡುತ್ತೀರಿ, 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಗುರುತಿನ ಪಟ್ಟ ಬಂತು ಅಂತ ಭಾಷಣ ಮಾಡುತ್ತೀರಿ, ಆ ಕಣಜದ ಕಾಳು ಮಾರುಕಟ್ಟೆಗೆ ಕಾಲ್ನಡಿಗೆಯಲ್ಲಿ ಹೋಗುತ್ತದೆಯೇ? ಅದೇ 6 ಲಕ್ಷಕ್ಕೆ ಉಳಿದ ಬಾಕಿಯ ಮೇಲೆ ಶೇ. 4 ಹಿಡಿದರೆ ನಾಲ್ಕು ವರ್ಷದ ಬಡ್ಡಿ ಸುಮಾರು 50 ಸಾವಿರ. ನಮಗೆ 2 ಲಕ್ಷ 16 ಸಾವಿರ. ನಡುವಿನ ಅಂತರ ಇಪ್ಪತ್ತು ಕ್ವಿಂಟಲ್ ತೊಗರಿ!

ತೆರಿಗೆಯನ್ನೂ ನೋಡ್ರಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. 12ರಿಂದ 5ಕ್ಕೆ ಇಳಿಯಿತು. ಸರಕು ಗಾಡಿಯದು 28ರಿಂದ 18ಕ್ಕೆ ಇಳಿದು ಅಲ್ಲೇ ನಿಂತಿತು. ನೋಂದಣಿ ಇರುವ ಸಿಮೆಂಟ್ ವ್ಯಾಪಾರಿ ಪಿಕಪ್ ಕೊಂಡರೆ ಆ 18ನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಹಿಡಿಯುತ್ತಾನೆ. ರೈತನಿಗೆ ಆ ವಜಾ ಇಲ್ಲ. ಹೊಲ ಉಳುವ ಗಾಲಿ ರೈತನದು, ಬೆಳೆ ಹೊರುವ ಗಾಲಿ ವ್ಯಾಪಾರಿಯದು ಎಂದು ದಿಲ್ಲಿಯಲ್ಲಿ ಯಾರು ತೀರ್ಮಾನಿಸಿದರು?

ಇನ್ನು ಮಾಡಬೇಕಾದದ್ದು.

ಗಾಡಿಗೆ ಆರ್ಡರ್ ಕೊಟ್ಟು ಮುಂಗಡ ಕಟ್ಟುವ ಮೊದಲು ಸಾಲದ ಪ್ರಮುಖ ಅಂಶಗಳ ಪತ್ರ ಕೇಳ್ರಿ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಎಲ್ಲ ಖರ್ಚು ಸೇರಿದ ವಾರ್ಷಿಕ ಬಡ್ಡಿ ಬರೆದ ಈ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ಕೊಡದವನ ಹತ್ತಿರ ಸಹಿ ಹಾಕಬೇಡಿ.

ಒಬ್ಬರೇ ಕೊಳ್ಳಬೇಡಿ. ಐದು ಮನೆ ಕೂಡಿದರೆ ಮನೆಗೆ ಕಂತು 3,400. ವರ್ಷಕ್ಕೆ ಐದು ಕ್ವಿಂಟಲ್ ಮಾತ್ರ. ಸಹಕಾರ ಸಂಘದ ಅಥವಾ ರೈತ ಉತ್ಪಾದಕ ಕಂಪನಿಯ ಹೆಸರಿನಲ್ಲಿ ಗಾಡಿ ಬಂದರೆ ಇನ್ನೂ ಒಳ್ಳೆಯದು. ಯಾರ ರಾಶಿ ಯಾವ ದಿನ, ಡೀಸೆಲ್ ಯಾರದು ಎಂಬುದನ್ನು ಮೊದಲೇ ಬರೆದಿಡಿ.

ಕಂತು ತಪ್ಪಿದವನ ಗಾಡಿ ಎಳೆದೊಯ್ಯಲು ದಾಂಡಿಗರು ಬಂದರೆ ಹೆದರಬೇಡಿ. ಸಾಲ ವಸೂಲಿಗೆ ತೋಳ್ಬಲ ಸಲ್ಲದು, ಕಾನೂನಿನ ದಾರಿಯೇ ಆಗಬೇಕು ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. 1980ರ ದಶಕದಲ್ಲಿ ಜಪ್ತಿಗೆ ಬಂದವರನ್ನು ಊರ ಮಂದಿ ಒಟ್ಟಾಗಿ ಕಾಗದ ಕೇಳಿ ನಿಲ್ಲಿಸಿದ್ದರು. ಆ ಅಭ್ಯಾಸ ಮರೆಯಬಾರದು.

ಮತ್ತು ಪ್ರತಿ ಗ್ರಾಮಸಭೆಯಲ್ಲಿ ಒಂದೇ ಠರಾವು ಮಾಡಿ ತಹಶೀಲ್ದಾರರ ಕೈಗೆ ಕೊಡಿ: ಗುಡ್ಡಕ್ಕೆ ಸಾರಿದ ಶೇ. 4 ತೊಗರಿ ನಾಡಿಗೂ ಬರಲಿ; ರೈತನ ಪಿಕಪ್ಪಿಗೆ ಟ್ರ್ಯಾಕ್ಟರಿನಷ್ಟೇ ತೆರಿಗೆ ಇರಲಿ. ಇದು ಭಿಕ್ಷೆಯ ಅರ್ಜಿ ಅಲ್ಲ. ನಮ್ಮ ಬೆಳೆ ನಮ್ಮ ಗಾಡಿಯಲ್ಲಿ, ನಾವು ತಾಳುವ ಬಡ್ಡಿಯಲ್ಲಿ ಮಾರುಕಟ್ಟೆಗೆ ಹೋಗಬೇಕು. ಅಲ್ಲಿಯವರೆಗೆ ಶೋರೂಮಿನ ಹಾರ, ತೆಂಗಿನಕಾಯಿ, ಫೋಟೋಕ್ಕೆ ಮರುಳಾಗಬೇಡಿ. ಲೆಕ್ಕ ಹಾಕ್ರಿ, ಕೂಡ್ರಿ, ಕೇಳ್ರಿ.