ಮಂಚದ ಬಳಿಗೆ ಬಂದ ತುತ್ತು

ರಜಾದಿನದ ಮುಂಜಾನೆ ಹಾಸಿಗೆಯಲ್ಲಿಯೇ ಕುಳಿತು ಉಪಾಹಾರ ಸೇವಿಸುವುದು ಉಳ್ಳವರ ಸೋಮಾರಿತನ ಎಂದು ನಾವು ಬಹುಕಾಲ ನಂಬಿದ್ದೆವು. ಮದ್ರಸದ ಮಕ್ಕಳಿಗೂ ಹಾಗೆಯೇ ಬೋಧಿಸಿದ್ದೆವು. ಆ ಮಾತಿನಲ್ಲಿ ಅರ್ಧವನ್ನು ಇಂದು ನಾವು ಹಿಂತೆಗೆದುಕೊಳ್ಳಬೇಕಾಗಿದೆ.

ಕಡೇಚೂರಿನ ಮನೆಗಳ ಬೆಳಗು ಈಗ ಮೊದಲಿನಂತಿಲ್ಲ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ 3,000 ಎಕರೆಗೂ ಹೆಚ್ಚು ಭೂಮಿ ಹೋಯಿತು. ಹೊಲದ ವೇಳೆಗೆ ಏಳುತ್ತಿದ್ದವರಲ್ಲಿ ಕೆಲವರು ಈಗ ಕಾರ್ಖಾನೆಯ ಪಾಳಿಗೆ ಏಳುತ್ತಾರೆ. ಕೆಲವರು ರಾತ್ರಿ ಪಾಳಿ ಮುಗಿಸಿ ಆ ಹೊತ್ತಿಗೆ ಮಲಗುತ್ತಾರೆ. ಇನ್ನು ಕೆಲವರು ಬೆಂಗಳೂರು, ಮುಂಬಯಿಗಳಿಗೆ ದುಡಿಯಲು ಹೋಗಿದ್ದಾರೆ. ಮದ್ರಸಕ್ಕೆ ಶುಕ್ರವಾರ ರಜೆ, ಶಾಲೆಗೆ ರವಿವಾರ ರಜೆ. ಹೀಗಾಗಿ ಒಂದೇ ಸೂರಿನ ಕೆಳಗಿನವರು ಒಂದೇ ದಸ್ತರ್‌ಖಾನಿನ ಸುತ್ತ ಕೂಡುವ ಹೊತ್ತು ವಾರಕ್ಕೊಮ್ಮೆ ದೊರೆತರೂ ಅದು ಅಲ್ಲಾಹನ ಅನುಗ್ರಹವೇ ಸರಿ.

ನಮ್ಮ ಮನೆಯಲ್ಲಿ ಆ ಹೊತ್ತು ರವಿವಾರದ ಮುಂಜಾನೆ. ಅಂದು ಖಿಚಡಿ-ಖಟ್ಟಾ ಆಗಲೇಬೇಕು. ಮಸೂರ ಬೇಳೆಯ ಖಿಚಡಿ, ಹುರಿದ ಎಳ್ಳು ಅರೆದು ಹುಣಸೆಹುಳಿಯಲ್ಲಿ ಕದಡಿದ ಖಟ್ಟಾ, ಬದಿಗೆ ಹಪ್ಪಳ. ನಾವೂ ಮಕ್ಕಳೂ ಸುತ್ತುಗಟ್ಟಿ ಕುಳಿತು ಮಾತಾಡುತ್ತ ಉಣ್ಣುತ್ತಿದ್ದೆವು. ಅದನ್ನು ಕುಟುಂಬದ ಒಗ್ಗಟ್ಟು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಲೂ ಇದ್ದೆವು.

ಕಳೆದ ಮಳೆಗಾಲದಲ್ಲಿ ಮಕ್ಕಳ ತಾಯಿಗೆ ಜ್ವರ ಬಂತು. ಕೀಲುಗಳೆಲ್ಲ ಹಿಡಿದುಕೊಂಡು ಮೇಲೇಳಲಾಗದ ಸ್ಥಿತಿ. ರವಿವಾರ ಫಜ್ರ್ ನಮಾಝ್ ಮುಗಿಸಿ ಬಂದಾಗ ಒಲೆ ತಣ್ಣಗಿತ್ತು. ಹಿರಿಯ ಮಗಳು ಅಕ್ಕಿ-ಬೇಳೆ ತೊಳೆದಿಟ್ಟಳು, ನಾವು ಎಳ್ಳು ಹುರಿಯಲು ನಿಂತೆವು. ಅರ್ಧ ಎಳ್ಳು ಹೊತ್ತಿಹೋಯಿತು. ಅಂತೂ ಒಂದು ತಟ್ಟೆ ಸಿದ್ಧವಾಯಿತು. ಅದನ್ನು ಮಂಚದ ಬಳಿಗೆ ಒಯ್ದೆವು. ಕಿರಿಯ ಮಗ ಮಂಚವೇರಿ ಕೌದಿಯ ಮೇಲೆಯೇ ದಸ್ತರ್‌ಖಾನ್ ಹಾಸಿದನು. ಒಂದು ತುತ್ತು ಬಾಯಿಗಿಟ್ಟ ಆಕೆಯ ಕಣ್ಣು ತುಂಬಿತು. ಖಟ್ಟಾ ಹುಳಿಯಾಯಿತೇನೋ ಎಂದುಕೊಂಡೆವು. ಆಕೆ ಹೇಳಿದ್ದು ಬೇರೆ: "ಇಪ್ಪತ್ತು ವರ್ಷದಲ್ಲಿ ನಾನು ಬಿಸಿ ಖಿಚಡಿ ಉಂಡದ್ದು ಇವತ್ತೇ."

ಆಗ ನಮಗೆ ಅರಿವಾಯಿತು. ನಾವು ಒಗ್ಗಟ್ಟು ಎಂದು ಕರೆಯುತ್ತಿದ್ದ ಆ ದಸ್ತರ್‌ಖಾನಿನಲ್ಲಿ ಒಬ್ಬರು ಇರಲೇ ಇಲ್ಲ. ಆಕೆ ಒಲೆಯ ಮುಂದೆ ಹಪ್ಪಳ ಕರಿಯುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು.

ನಮ್ಮನ್ನು ಹೆಚ್ಚು ನಾಚಿಸಿದ್ದು ಮತ್ತೊಂದು ಸಂಗತಿ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ)ರವರು ಮಕ್ಕಾದಲ್ಲಿ ಕಾಯಿಲೆ ಬಿದ್ದಾಗ ಪ್ರವಾದಿ(ಸ)ಯವರು ಅವರನ್ನು ಕಾಣಲು ಹೋದ ಹದೀಸನ್ನು ನಾವು ವರ್ಷವರ್ಷವೂ ಪಾಠ ಮಾಡುತ್ತೇವೆ. ಸಂಪತ್ತಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ವಸಿಯ್ಯತ್ ಮಾಡಬಾರದೆಂಬ ನಿಯಮವನ್ನು ಅದರಿಂದಲೇ ಕಲಿಸುತ್ತೇವೆ. ಅದೇ ಹದೀಸಿನಲ್ಲಿ, ಅಲ್ಲಾಹನ ಸಂಪ್ರೀತಿಗಾಗಿ ಪತ್ನಿಯ ಬಾಯಿಗಿಡುವ ತುತ್ತಿಗೂ ಪ್ರತಿಫಲವಿದೆ ಎಂಬ ಬೋಧನೆಯಿದೆ. ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ವರದಿಯಾದ ಹದೀಸ್ ಇದು. ಮೂರನೆಯ ಒಂದು ಭಾಗದ ಲೆಕ್ಕ ನಮಗೆ ಕಂಠಪಾಠವಾಗಿತ್ತು. ತುತ್ತಿನ ಮಾತು ಮಾತ್ರ ಮನೆಯ ಹೊಸ್ತಿಲು ದಾಟಿರಲಿಲ್ಲ.

ಮನೆಯೊಳಗೆ ಪ್ರವಾದಿ(ಸ)ಯವರು ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹ. ಆಯಿಷಾ(ರ)ರವರು, ಅವರು ಮನೆಮಂದಿಯ ಸೇವೆಯಲ್ಲಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ತಿಳಿಸಿದ್ದಾರೆ. ಅಡುಗೆಮನೆ ಹೆಂಗಸರದು, ಅಲ್ಲಿ ಗಂಡಸಿಗೇನು ಕೆಲಸ ಎನ್ನುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಮಿಸ್ವಾಕ್‌ನಲ್ಲಿಯೂ ಗಡ್ಡದಲ್ಲಿಯೂ ಸುನ್ನತನ್ನು ಹುಡುಕುವ ನಾವು ಮನೆಗೆಲಸದಲ್ಲಿರುವ ಸುನ್ನತನ್ನು ಏಕೆ ಬಿಟ್ಟುಕೊಡಬೇಕು?

ಒರಗಿಕೊಂಡು ಉಣ್ಣುವುದು ಸಲ್ಲದಲ್ಲವೇ ಎಂದು ಕೇಳಬಹುದು. ಹೌದು, ತಾವು ಒರಗಿ ಉಣ್ಣುವುದಿಲ್ಲವೆಂದು ಪ್ರವಾದಿ(ಸ)ಯವರು ಹೇಳಿದ್ದಾರೆ. ಅದು ಉಣ್ಣುವವನ ವಿನಯಕ್ಕೆ ಸಂಬಂಧಿಸಿದ್ದು. ಕೈ ತೊಳೆದು, ನೆಟ್ಟಗೆ ಕುಳಿತು, ಬಿಸ್ಮಿಲ್ಲಾಹ್ ಹೇಳಿ, ಬಲಗೈಯಿಂದ, ತನ್ನ ಮುಂದಿನದನ್ನು ಉಂಡರೆ ಕೆಳಗಿರುವುದು ಚಾಪೆಯೋ ಮಂಚವೋ ಎಂಬುದು ದೊಡ್ಡ ಪ್ರಶ್ನೆಯಲ್ಲ. ತಟ್ಟೆ ಯಾರ ಕೈಯಿಂದ ಯಾರ ಬಳಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ಫಜ್ರ್ ತಪ್ಪಿಸಿ ಹತ್ತು ಗಂಟೆಯವರೆಗೆ ಮೊಬೈಲ್ ಹಿಡಿದು ಹೊರಳಾಡುವ ಮಗನ ಹಾಸಿಗೆಗೆ ತಾಯಿ ಚಹಾ ಒಯ್ಯುವುದನ್ನು ನಾವು ಇಂದಿಗೂ ಒಪ್ಪುವುದಿಲ್ಲ. ಮೊದಲ ಮಾತಿನ ಆ ಅರ್ಧ ಹಾಗೆಯೇ ನಿಂತಿದೆ. ಆದರೆ ಫಜ್ರ್ ಮುಗಿಸಿದ ಮಗನು ತಾಯಿಯ ಮಂಚಕ್ಕೆ ಚಹಾ ಒಯ್ದರೆ ಅದು ಸೋಮಾರಿತನವಲ್ಲ, ಇಬಾದತ್.

ಈಗ ನಮ್ಮ ಮನೆಯಲ್ಲಿ ಪ್ರತಿ ರವಿವಾರ ಅಡುಗೆ ನಮ್ಮದೂ ಮಕ್ಕಳದೂ. ಆಕೆ ಗುಣಮುಖಳಾದ ಮೇಲೆಯೂ, ಅಲ್‌ಹಮ್ದುಲಿಲ್ಲಾಹ್, ಕ್ರಮ ತಪ್ಪಿಲ್ಲ. ಮೊದಲ ತಟ್ಟೆ ಮಂಚದ ಬಳಿಗೆ ಹೋಗುತ್ತದೆ. ಹಿಂದೆಯೇ ನಾವೆಲ್ಲರೂ ಅಲ್ಲಿಗೇ ಹೋಗಿ ಸುತ್ತ ಕೂಡುತ್ತೇವೆ. ಎಳ್ಳು ಈಗಲೂ ಒಮ್ಮೊಮ್ಮೆ ಹೊತ್ತುತ್ತದೆ. ಆಕೆ ಹೆಸರಿಡದೆ ಉಣ್ಣುತ್ತಾಳೆ. ಪ್ರವಾದಿ(ಸ)ಯವರು ಯಾವ ಆಹಾರಕ್ಕೂ ಹೆಸರಿಟ್ಟವರಲ್ಲವೆಂಬ ಪಾಠವನ್ನು ನಾವು ಆಕೆಯಿಂದ ಕಲಿಯುತ್ತಿದ್ದೇವೆ.

ಓದುಗ ಸಹೋದರರೇ, ಇದಕ್ಕೆ ಖರ್ಚಿಲ್ಲ. ಬರುವ ರಜೆಯ ದಿನ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರೆಂದು ಒಮ್ಮೆ ನೋಡಿರಿ. ಅದು ತಾಯಿಯಾಗಿರಬಹುದು, ಪತ್ನಿಯಾಗಿರಬಹುದು, ಸೊಸೆಯಾಗಿರಬಹುದು. ಅಂದು ಮೊದಲ ತಟ್ಟೆ ಅವರದಾಗಲಿ, ಬಿಸಿಯಿರುವಾಗಲೇ.

ನಮ್ಮ ಮನೆಗಳ ಅನ್ನದಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.